ಉಸಿರಾಟದ ಲಯ, ಮಿದುಳು ಕಾಂಡ ಮತ್ತು ಮಿದುಳು ಕಾಂಡದ ಸಾವು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಆರೋಗ್ಯವಂತ ವಯಸ್ಕರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ದಿನವೊಂದಕ್ಕೆ ಇದು ಸುಮಾರು 20,000 ಉಸಿರುಗಳಾಗುತ್ತದೆ. ನಿದ್ರೆಯಲ್ಲಿಯೂ ಈ ಕ್ರಿಯೆ ನಿಲ್ಲುವುದಿಲ್ಲ. ಇದನ್ನು ನಡೆಸುವ ಲಯವು ಶ್ವಾಸಕೋಶಗಳಲ್ಲಿ ಹುಟ್ಟುವುದಿಲ್ಲ. ಮಿದುಳಿನ ಬುಡದಲ್ಲಿರುವ ಮಿದುಳು ಕಾಂಡದಲ್ಲಿ ಹುಟ್ಟುತ್ತದೆ.

ರಸ್ತೆ ಅಪಘಾತದಲ್ಲಿ ತಲೆಗೆ ತೀವ್ರ ಪೆಟ್ಟಾದಾಗ ಅಥವಾ ಮಿದುಳಿನಲ್ಲಿ ರಕ್ತಸ್ರಾವವಾದಾಗ ರೋಗಿಯನ್ನು ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್‌ ನೆರವಿನಲ್ಲಿ ಇರಿಸಲಾಗುತ್ತದೆ. ಅಂತಹ ಕೆಲವು ಪ್ರಕರಣಗಳಲ್ಲಿ ವೈದ್ಯರು ಮಿದುಳು ಕಾಂಡದ ಸಾವು ಸಂಭವಿಸಿದೆಯೆಂದು ತಿಳಿಸಬೇಕಾಗುತ್ತದೆ. "ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ಹೃದಯ ಬಡಿಯುತ್ತಿದೆ, ಹಾಗಿರುವಾಗ ಮರಣ ಹೊಂದಿದ್ದಾರೆ ಎನ್ನುವುದು ಹೇಗೆ?" ಎಂದು ಕುಟುಂಬದವರು ಕೇಳುವುದು ಸಹಜ. ಈ ಪ್ರಶ್ನೆಗೆ ಉತ್ತರವು ಉಸಿರಾಟದ ಲಯ ಎಲ್ಲಿ ಹುಟ್ಟುತ್ತದೆ ಎಂಬುದರಲ್ಲಿಯೇ ಇದೆ. ಸದರಿ ವಿಷಯವನ್ನು ಮುಂಚಿತವಾಗಿ ತಿಳಿದಿದ್ದಲ್ಲಿ ಕಷ್ಟದ ಸಮಯದಲ್ಲಿ ವೈದ್ಯರ ಮಾತನ್ನು ಅರ್ಥಮಾಡಿಕೊಳ್ಳಲು ಹಾಗೂ ನಿರ್ಧಾರ ಕೈಗೊಳ್ಳಲು ಅನುಕೂಲವಾಗುತ್ತದೆ.

2. ಮಿದುಳು ಕಾಂಡ ಎಂದರೇನು?

ಮಿದುಳಿನ ದೊಡ್ಡ ಭಾಗವನ್ನು ಮಿದುಳು ಬಳ್ಳಿಗೆ ಜೋಡಿಸುವ, ಕೆಲವೇ ಸೆಂಟಿಮೀಟರ್ ಉದ್ದದ ಭಾಗವೇ ಮಿದುಳು ಕಾಂಡ. ಇದರಲ್ಲಿ ಮೇಲಿನಿಂದ ಕೆಳಕ್ಕೆ ಮಧ್ಯಮಿದುಳು, ಪಾನ್ಸ್ ಮತ್ತು ಮೆಡುಲ್ಲಾ ಎಂಬ ಮೂರು ಭಾಗಗಳಿರುತ್ತವೆ. ಎಚ್ಚರ, ಕಣ್ಣುಪಾಪೆಯ ಪ್ರತಿಕ್ರಿಯೆ, ನುಂಗುವಿಕೆ, ಕೆಮ್ಮು, ರಕ್ತದೊತ್ತಡ ಹಾಗೂ ಉಸಿರಾಟ ಇವೆಲ್ಲವೂ ಮಿದುಳು ಕಾಂಡವನ್ನು ಅವಲಂಬಿಸಿವೆ.

ಇಲ್ಲಿ ಹೃದಯಕ್ಕೂ ಶ್ವಾಸಕೋಶಗಳಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಹೃದಯದ ಬಡಿತವನ್ನು ಆರಂಭಿಸುವ ಜೀವಕೋಶಗಳು ಹೃದಯದೊಳಗೇ ಇವೆ. ಆದ್ದರಿಂದ ಆಮ್ಲಜನಕ ದೊರೆಯುತ್ತಿರುವವರೆಗೆ ಹೃದಯವು ಮಿದುಳಿನ ಆಜ್ಞೆಯಿಲ್ಲದೆಯೂ ಸ್ವಲ್ಪ ಕಾಲ ಬಡಿಯಬಲ್ಲದು. ಶ್ವಾಸಕೋಶಗಳಿಗೆ ಅಂತಹ ಸ್ವಂತ ಲಯವಿಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಹಾಗೂ ಪಕ್ಕೆಲುಬುಗಳ ನಡುವಣ ಸ್ನಾಯುಗಳು ಸಂಕುಚಿಸಿದಾಗ ಮಾತ್ರ ಶ್ವಾಸಕೋಶಗಳು ಹಿಗ್ಗುತ್ತವೆ. ಈ ಸ್ನಾಯುಗಳು ಪ್ರತಿಯೊಂದು ಉಸಿರಿಗೂ ಮಿದುಳು ಕಾಂಡದಿಂದ ಬರುವ ಆಜ್ಞೆಯನ್ನು ಕಾಯುತ್ತವೆ. ಈ ಆಜ್ಞೆಯು ಮಿದುಳು ಬಳ್ಳಿಯ ಮೂಲಕ ಇಳಿದು, ಕತ್ತಿನ ಮಟ್ಟದಲ್ಲಿ ಹೊರಡುವ ಫ್ರೆನಿಕ್ ನರದ ಮೂಲಕ ವಪೆಯನ್ನು ತಲುಪುತ್ತದೆ. ಕತ್ತಿನ ಮೇಲ್ಭಾಗದಲ್ಲಿ ಮಿದುಳು ಬಳ್ಳಿ ತುಂಡಾದವರಿಗೆ ಮಿದುಳು ಸ್ವಸ್ಥವಾಗಿದ್ದರೂ ಸ್ವತಃ ಉಸಿರಾಡಲು ಆಗದಿರುವುದು ಈ ಕಾರಣದಿಂದಲೇ.

3. ಲಯವು ಹುಟ್ಟುವ ಬಗೆ

ಫ್ರಾನ್ಸಿನ ವೈದ್ಯ ಲೆಗಾಲ್ವಾ ಅವರು 1812ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೆಡುಲ್ಲಾದ ಒಂದು ಸಣ್ಣ ಭಾಗಕ್ಕೆ ಹಾನಿಯಾದರೆ ಮೊಲಗಳ ಉಸಿರಾಟ ನಿಂತುಹೋಗುತ್ತದೆಂದು ತೋರಿಸಿದರು. ಆ ಭಾಗದೊಳಗೆ ಲಯವನ್ನು ಹುಟ್ಟಿಸುವ ನರಕೋಶಗಳು ನಿಖರವಾಗಿ ಯಾವುವೆಂದು ಗುರುತಿಸಲು ಮತ್ತೆ ಸುಮಾರು 180 ವರ್ಷಗಳು ಬೇಕಾದವು.

1991ರಲ್ಲಿ ಜೆಫ್ರಿ ಸ್ಮಿತ್, ಜ್ಯಾಕ್ ಫೆಲ್ಡ್‌ಮನ್ ಮತ್ತು ಅವರ ಸಹೋದ್ಯೋಗಿಗಳು ನವಜಾತ ಇಲಿಯ ಮೆಡುಲ್ಲಾದ ತೆಳುವಾದ ಬಿಲ್ಲೆಯೊಂದನ್ನು ಪೋಷಕ ದ್ರವದಲ್ಲಿರಿಸಿ ಪರೀಕ್ಷಿಸಿದರು. ದೇಹದಿಂದ ಬೇರ್ಪಟ್ಟ ಆ ಬಿಲ್ಲೆಯಲ್ಲಿಯೂ ನಾಲಿಗೆಗೆ ಹೋಗುವ ನರದ ಬುಡದಲ್ಲಿ ಉಸಿರಾಟದ ಲಯದಂತಹ ವಿದ್ಯುತ್ ಸಂಕೇತಗಳು ನಿಯಮಿತವಾಗಿ ಮೂಡುತ್ತಿದ್ದವು. ಈ ಲಯದ ಮೂಲವಾದ ನರಕೋಶಗಳ ಗುಂಪನ್ನು ಪ್ರಿ-ಬಾಟ್ಸಿಂಗರ್ ಸಂಕೀರ್ಣ ಎಂದು ಕರೆಯಲಾಗುತ್ತದೆ. ನೆರೆಯ ಬಾಟ್ಸಿಂಗರ್ ಸಂಕೀರ್ಣಕ್ಕೆ 1978ರಲ್ಲಿ ಜರ್ಮನಿಯಲ್ಲಿ ನಡೆದ ಸಭೆಯೊಂದರಲ್ಲಿ ಮೇಜಿನ ಮೇಲಿದ್ದ ದ್ರಾಕ್ಷಾರಸದ ಶೀಶೆಯ ಹೆಸರನ್ನು ಇಡಲಾಗಿತ್ತು. ಅದರಿಂದಲೇ ಈ ಹೆಸರೂ ಬಂದಿದೆ.

ಒಂದು ಉಸಿರಿನ ಆವರ್ತನವು ಸ್ಥೂಲವಾಗಿ ಕೆಳಕಂಡಂತೆ ನಡೆಯುತ್ತದೆ:

(ಅ) ಪ್ರಿ-ಬಾಟ್ಸಿಂಗರ್ ಸಂಕೀರ್ಣದ ಕೆಲವು ನರಕೋಶಗಳು ತಾವಾಗಿಯೇ ಚಟುವಟಿಕೆ ಆರಂಭಿಸುತ್ತವೆ. ಅವು ಒಂದನ್ನೊಂದು ಉತ್ತೇಜಿಸುತ್ತಾ ಹೋಗಿ ಕೊನೆಗೆ ಇಡೀ ಗುಂಪು ಒಟ್ಟಿಗೆ ಸ್ಪಂದಿಸುತ್ತದೆ. ಆಗ ವಪೆಗೆ ಆಜ್ಞೆ ಹೋಗಿ ಗಾಳಿ ಒಳಬರುತ್ತದೆ.

(ಆ) ಕ್ಷಣಕಾಲದಲ್ಲಿ ಈ ಸ್ಪಂದನ ತಗ್ಗುತ್ತದೆ. ಉಸಿರು ಒಮ್ಮೆಲೇ ಹೊರನುಗ್ಗದಂತೆ ಅದನ್ನು ನಿಧಾನಗೊಳಿಸುವ ಹಂತವೊಂದು ಇದೆ. ಮಾತನಾಡುವಾಗ, ಹಾಡುವಾಗ ಮತ್ತು ನುಂಗುವಾಗ ಈ ಹಂತವು ಬಹಳ ಮುಖ್ಯವಾದುದು.

(ಇ) ಬಳಿಕ ಬಾಟ್ಸಿಂಗರ್ ಸಂಕೀರ್ಣದ ನರಕೋಶಗಳು ಒಳಉಸಿರಿನ ನರಕೋಶಗಳನ್ನು ತಡೆಹಿಡಿಯುತ್ತವೆ. ವಿಶ್ರಾಂತಿಯಲ್ಲಿ ಹೊರಉಸಿರಿಗೆ ಸ್ನಾಯುಗಳ ಶ್ರಮ ಬೇಕಿಲ್ಲ; ಹಿಗ್ಗಿದ ಶ್ವಾಸಕೋಶಗಳು ತಾವೇ ಕುಗ್ಗುತ್ತವೆ. ಓಟ ಅಥವಾ ಭಾರ ಹೊರುವಂತಹ ಶ್ರಮದಲ್ಲಿ ಮಾತ್ರ ಹೊಟ್ಟೆಯ ಸ್ನಾಯುಗಳು ಗಾಳಿಯನ್ನು ಹೊರದೂಡುತ್ತವೆ.

(ಈ) ತಡೆ ಸಡಿಲವಾದೊಡನೆ ಮುಂದಿನ ಉಸಿರು ಆರಂಭವಾಗುತ್ತದೆ. ಪಾನ್ಸ್‌ನಲ್ಲಿರುವ ನರಕೋಶಗಳು ಒಂದು ಹಂತದಿಂದ ಮತ್ತೊಂದು ಹಂತಕ್ಕೆ ಸರಾಗವಾಗಿ ಸಾಗಲು ನೆರವಾಗುತ್ತವೆ.

ಅರಿವಿಲ್ಲದೆ ಗಂಟೆಗೆ ಹಲವು ಬಾರಿ ಬಿಡುವ ನಿಟ್ಟುಸಿರು ಸಹ ಇದೇ ವ್ಯವಸ್ಥೆಯ ಭಾಗವಾಗಿದೆ. ಕುಸಿದ ಗಾಳಿಗೂಡುಗಳನ್ನು ಅದು ಮತ್ತೆ ತೆರೆಯುತ್ತದೆ.

4. ಲಯದ ನಿಯಂತ್ರಣ

4.1 ಇಂಗಾಲದ ಡೈಆಕ್ಸೈಡ್: ಉಸಿರಾಟವನ್ನು ಪ್ರತಿಕ್ಷಣವೂ ಮುಖ್ಯವಾಗಿ ನಿಯಂತ್ರಿಸುವುದು ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್. ಇದನ್ನು 1905ರಲ್ಲಿ ಬ್ರಿಟನ್ನಿನ ಹಾಲ್ಡೇನ್ ಮತ್ತು ಪ್ರೀಸ್ಟ್‌ಲಿ ಅವರು ನಿರೂಪಿಸಿದರು. ಅಪಧಮನಿಯ ರಕ್ತದಲ್ಲಿ ಇದರ ಒತ್ತಡವು ಸಾಮಾನ್ಯವಾಗಿ 35ರಿಂದ 45 ಮಿ.ಮೀ. ಪಾದರಸದಷ್ಟಿರುತ್ತದೆ. ಇದು ಸ್ವಲ್ಪ ಏರಿದರೂ ಮೆಡುಲ್ಲಾದಲ್ಲಿನ ಸಂವೇದಿ ನರಕೋಶಗಳು ಆಮ್ಲೀಯತೆಯ ಬದಲಾವಣೆಯನ್ನು ಗ್ರಹಿಸಿ ಉಸಿರನ್ನು ಆಳಗೊಳಿಸುತ್ತವೆ.

4.2 ಆಮ್ಲಜನಕ: ಕತ್ತಿನ ಎರಡೂ ಬದಿಯ ಅಪಧಮನಿಗಳ ಕವಲಿನಲ್ಲಿರುವ ಕ್ಯಾರೊಟಿಡ್ ಕಾಯಗಳು ಆಮ್ಲಜನಕದ ಕೊರತೆಯನ್ನು ಗುರುತಿಸುತ್ತವೆ. ಈ ಬಗೆಯ ಸಂವೇದನೆಯ ಕುರಿತ ಸಂಶೋಧನೆಗಾಗಿ ಬೆಲ್ಜಿಯಂನ ಕಾರ್ನೇ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಸಂದಿದೆ. ಆಮ್ಲಜನಕದ ಒತ್ತಡವು ಸುಮಾರು 60 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದಾಗ ಈ ಎಚ್ಚರಿಕೆಯು ಪ್ರಬಲವಾಗುತ್ತದೆ.

4.3 ಶ್ವಾಸಕೋಶಗಳ ಹಿಗ್ಗುವಿಕೆ: ಶ್ವಾಸಕೋಶಗಳು ಹೆಚ್ಚು ಹಿಗ್ಗಿದಾಗ ವೇಗಸ್ ನರದ ಮೂಲಕ ಸಂಕೇತ ಬಂದು ಒಳಉಸಿರು ನಿಲ್ಲುತ್ತದೆ. 1868ರಲ್ಲಿ ವಿವರಿಸಲಾದ ಇದನ್ನು ಹೇರಿಂಗ್-ಬ್ರೂಯರ್ ಪ್ರತಿವರ್ತನೆ ಎನ್ನುತ್ತಾರೆ.

4.4 ಇಚ್ಛೆ: ಪ್ರಾಣಾಯಾಮ ಮಾಡುವಾಗ, ಹಾಡುವಾಗ ಅಥವಾ ಈಜುವಾಗ ಮಿದುಳಿನ ಮೇಲ್ಭಾಗವು ಉಸಿರಾಟವನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಈ ಹಿಡಿತಕ್ಕೆ ಮಿತಿಯಿದೆ. ಉಸಿರು ಹಿಡಿದಷ್ಟೂ ಇಂಗಾಲದ ಡೈಆಕ್ಸೈಡ್ ಏರಿ, ಕೊನೆಗೆ ಉಸಿರಾಡಲೇಬೇಕಾದ ಒತ್ತಾಯ ಉಂಟಾಗುತ್ತದೆ.

ಎಚ್ಚರಿಕೆ: ಕೆರೆ, ಬಾವಿಗಳಲ್ಲಿ ಮುಳುಗು ಹಾಕುವ ಮೊದಲು ಬೇಗ ಬೇಗ ಹಲವು ಬಾರಿ ಆಳವಾಗಿ ಉಸಿರಾಡುವುದು ಅಪಾಯಕರ. ಇದರಿಂದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಉಸಿರಾಡಬೇಕೆಂಬ ಒತ್ತಾಯ ಬರುವ ಮೊದಲೇ ಆಮ್ಲಜನಕ ಕುಸಿದು ನೀರಿನೊಳಗೆ ಎಚ್ಚರ ತಪ್ಪುವ ಸಂಭವವಿರುತ್ತದೆ.

5. ಉಸಿರಾಟ ಕುಗ್ಗಿದರೂ ಚೇತರಿಕೆ ಸಾಧ್ಯವಿರುವ ಸಂದರ್ಭಗಳು

ಉಸಿರಾಟ ನಿಂತ ಮಾತ್ರಕ್ಕೆ ಮಿದುಳು ಕಾಂಡ ಸತ್ತಿದೆಯೆಂದು ಭಾವಿಸಬಾರದು. ಕೆಳಕಂಡ ಸಂದರ್ಭಗಳಲ್ಲಿ ಸಕಾಲಿಕ ಚಿಕಿತ್ಸೆಯಿಂದ ರೋಗಿಯು ಚೇತರಿಸಿಕೊಳ್ಳಬಹುದಾಗಿದೆ.

(ಅ) ಅವಧಿಪೂರ್ವ ಶಿಶುಗಳು: ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳಲ್ಲಿ ಮಿದುಳು ಕಾಂಡವು ಪೂರ್ಣವಾಗಿ ಬಲಿತಿರುವುದಿಲ್ಲ. ಆದ್ದರಿಂದ 20 ಸೆಕೆಂಡಿಗೂ ಹೆಚ್ಚು ಕಾಲ ಉಸಿರು ನಿಲ್ಲುವುದುಂಟು. ಮೃದುವಾಗಿ ಮುಟ್ಟಿ ಎಚ್ಚರಿಸುವುದು, ಉಸಿರಾಟದ ನೆರವು ಹಾಗೂ ಕೆಫೀನ್ ಔಷಧ ಇದಕ್ಕೆ ಚಿಕಿತ್ಸೆಯಾಗಿದೆ. ಶಿಶು ಬೆಳೆದಂತೆ ಈ ತೊಂದರೆ ನಿವಾರಣೆಯಾಗುತ್ತದೆ.

(ಆ) ಮಾದಕ ವಸ್ತು ಮತ್ತು ಔಷಧಗಳು: ಮಾರ್ಫಿನ್, ಹೆರಾಯಿನ್ ಮುಂತಾದ ಅಫೀಮು ವರ್ಗದ ವಸ್ತುಗಳು ಪ್ರಿ-ಬಾಟ್ಸಿಂಗರ್ ಸಂಕೀರ್ಣವೂ ಸೇರಿದಂತೆ ಉಸಿರಾಟದ ಕೇಂದ್ರಗಳನ್ನು ನೇರವಾಗಿ ಕುಗ್ಗಿಸುತ್ತವೆ. ಮದ್ಯ ಮತ್ತು ನಿದ್ರೆ ಮಾತ್ರೆಗಳು ಜೊತೆಗೂಡಿದರೆ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಅಫೀಮು ವರ್ಗದ ವಸ್ತುಗಳ ಪರಿಣಾಮವನ್ನು ನಲೋಕ್ಸೋನ್ ಎಂಬ ಔಷಧವು ತಡೆಯುತ್ತದೆ.

(ಇ) ಹಾವು ಕಡಿತ: ಕಟ್ಟುಹಾವು ಮತ್ತು ನಾಗರಹಾವುಗಳ ವಿಷವು ನರ ಮತ್ತು ಸ್ನಾಯುಗಳು ಸೇರುವ ಸ್ಥಳದಲ್ಲಿ ಸಂಕೇತವನ್ನು ತಡೆಯುತ್ತದೆ. ಮಿದುಳು ಕಾಂಡವು ಆಜ್ಞೆ ಕಳುಹಿಸುತ್ತಿದ್ದರೂ ವಪೆಯು ಅದನ್ನು ಪಾಲಿಸಲಾರದು. ಕಟ್ಟುಹಾವು ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಅಷ್ಟಾಗಿ ಇರುವುದಿಲ್ಲ. ರೋಗಿಯ ಕಣ್ಣುರೆಪ್ಪೆ ತೆರೆಯದೆ, ಪಾಪೆ ಬೆಳಕಿಗೆ ಸ್ಪಂದಿಸದೆ, ಕೈಕಾಲು ಆಡದೆ ಮೃತಪಟ್ಟಂತೆಯೇ ಕಾಣಿಸಬಹುದು. ಆದರೂ ವಿಷ ನಿರೋಧಕ ಚುಚ್ಚುಮದ್ದು ಮತ್ತು ಕೆಲವು ದಿನಗಳ ವೆಂಟಿಲೇಟರ್ ನೆರವಿನಿಂದ ಇಂತಹವರು ಸಂಪೂರ್ಣ ಗುಣಮುಖರಾಗಬಲ್ಲರು. ಆದುದರಿಂದ ಹಾವು ಕಡಿತದ ರೋಗಿಯನ್ನು ನಾಟಿ ಚಿಕಿತ್ಸೆಯಲ್ಲಿ ಕಾಲಹರಣ ಮಾಡದೆ ತಕ್ಷಣ ಆಸ್ಪತ್ರೆಗೆ ಸೇರಿಸತಕ್ಕದ್ದು.

(ಈ) ನಿದ್ರೆಯಲ್ಲಿ ಉಸಿರಾಟ ಕುಗ್ಗುವ ಜನ್ಮಜಾತ ಕಾಯಿಲೆ: ಕೆಲವೇ ಶಿಶುಗಳಲ್ಲಿ ಕಂಡುಬರುವ ಈ ಕಾಯಿಲೆಯಲ್ಲಿ ಎಚ್ಚರವಿದ್ದಾಗ ಉಸಿರಾಟ ಬಹುಮಟ್ಟಿಗೆ ಸರಿಯಿದ್ದು, ನಿದ್ರಿಸಿದೊಡನೆ ಕುಗ್ಗುತ್ತದೆ. ಫಾಕ್ಸ್-2ಬಿ ಎಂಬ ವಂಶವಾಹಿಯ ದೋಷವು ಇದಕ್ಕೆ ಕಾರಣವೆಂದು 2003ರಲ್ಲಿ ತಿಳಿದುಬಂದಿತು. ಇಂತಹವರು ನಿದ್ರೆಯ ವೇಳೆ ಯಂತ್ರದ ನೆರವು ಪಡೆದು ಬಾಳಬಲ್ಲರು.

6. ವೆಂಟಿಲೇಟರ್ ಏನು ಮಾಡುತ್ತದೆ, ಏನು ಮಾಡಲಾರದು?

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಸಾಂಕ್ರಾಮಿಕವು ವ್ಯಾಪಿಸಿದಾಗ ಅನೇಕರಲ್ಲಿ ಉಸಿರಾಟದ ಕೇಂದ್ರಗಳು ಮತ್ತು ಸ್ನಾಯುಗಳು ನಿಷ್ಕ್ರಿಯವಾದವು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರು ರೋಗಿಯ ಗಂಟಲಿನ ಕೆಳಗೆ ರಂಧ್ರ ಮಾಡಿ, ನಳಿಕೆಯ ಮೂಲಕ ರಬ್ಬರ್ ಚೀಲದಿಂದ ಗಾಳಿ ಒತ್ತುವ ವಿಧಾನವನ್ನು ಅಳವಡಿಸಿದರು. ನೂರಾರು ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಚೀಲವನ್ನು ಕೈಯಿಂದ ಒತ್ತುತ್ತಾ ಅನೇಕ ಜೀವಗಳನ್ನು ಉಳಿಸಿದರು. ಇಂದಿನ ತೀವ್ರ ನಿಗಾ ಘಟಕಗಳಿಗೆ ಇದೇ ನಾಂದಿಯಾಯಿತು.

ವೆಂಟಿಲೇಟರ್ ಆ ಕೈಗಳ ಕೆಲಸವನ್ನು ಮಾಡುತ್ತದೆ. ಅದು ಗಾಳಿಯನ್ನು ಒಳದೂಡುತ್ತದೆ; ಎದೆ ಏರುತ್ತದೆ; ರಕ್ತಕ್ಕೆ ಆಮ್ಲಜನಕ ಸೇರುತ್ತದೆ; ಹೃದಯವು ತನ್ನ ಸ್ವಂತ ಲಯದಲ್ಲಿ ಬಡಿಯುತ್ತಿರುತ್ತದೆ. ಮಿದುಳು ಕಾಂಡವು ಚೇತರಿಸಿಕೊಳ್ಳುವವರೆಗೆ ಇದು ಸಮಯ ಒದಗಿಸುತ್ತದೆ. ಆದರೆ ಸತ್ತ ನರಕೋಶಗಳನ್ನು ಬದುಕಿಸಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಯಂತ್ರದ ಲಯದಲ್ಲಿ ಎದೆ ಏರಿಳಿಯುವುದಕ್ಕೂ ವ್ಯಕ್ತಿಯು ಉಸಿರಾಡುವುದಕ್ಕೂ ಇರುವ ಈ ವ್ಯತ್ಯಾಸವು ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ.

7. ಮಿದುಳು ಕಾಂಡದ ಸಾವಿನ ದೃಢೀಕರಣ

ಮಾನವ ಅಂಗಾಂಗಗಳು ಮತ್ತು ಅಂಗಾಂಶಗಳ ಕಸಿ ಅಧಿನಿಯಮ, 1994ರ ಪ್ರಕಾರ ಮಿದುಳು ಕಾಂಡದ ಎಲ್ಲಾ ಕಾರ್ಯಗಳು ಶಾಶ್ವತವಾಗಿ, ಮರಳಿ ಬಾರದಂತೆ ನಿಂತು, ಅದು ವಿಧಿಬದ್ಧವಾಗಿ ದೃಢೀಕೃತವಾದ ಸ್ಥಿತಿಯೇ ಮಿದುಳು ಕಾಂಡದ ಸಾವು. ದೃಢೀಕರಣಕ್ಕೆ ನಾಲ್ವರು ವೈದ್ಯರ ಮಂಡಳಿ ಇರತಕ್ಕದ್ದು:

1. ಆಸ್ಪತ್ರೆಯ ಉಸ್ತುವಾರಿ ವೈದ್ಯರು
2. ಸಕ್ಷಮ ಪ್ರಾಧಿಕಾರವು ಅನುಮೋದಿಸಿದ ಪಟ್ಟಿಯಲ್ಲಿರುವ ಸ್ವತಂತ್ರ ತಜ್ಞರು
3. ಅದೇ ರೀತಿ ಅನುಮೋದಿತರಾದ ನರರೋಗ ತಜ್ಞರು ಅಥವಾ ನರಶಸ್ತ್ರಚಿಕಿತ್ಸಾ ತಜ್ಞರು
4. ರೋಗಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರು

ಅಂಗ ಕಸಿ ಮಾಡುವ ತಂಡದ ವೈದ್ಯರು ಈ ಮಂಡಳಿಯಲ್ಲಿ ಇರುವುದಿಲ್ಲ.

7.1 ಪೂರ್ವಷರತ್ತುಗಳು: ಮಿದುಳಿಗೆ ಆದ ಹಾನಿಯ ಕಾರಣವು ಖಚಿತವಾಗಿ ತಿಳಿದಿರಬೇಕು. ವಿಷಪ್ರಾಶನ, ಮಂಪರು ತರುವ ಔಷಧಗಳು, ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಗಳು, ಅತಿಶೀತದಿಂದ ದೇಹದ ತಾಪ ಇಳಿದಿರುವುದು, ರಕ್ತಪ್ರಮಾಣ ಕುಸಿದು ಆಘಾತವಾಗಿರುವುದು ಹಾಗೂ ಚಯಾಪಚಯದ ಏರುಪೇರುಗಳು ಕಾರಣವಲ್ಲವೆಂದು ಮೊದಲು ಖಾತರಿಪಡಿಸಿಕೊಳ್ಳಲಾಗುತ್ತದೆ. ಐದನೇ ಭಾಗದಲ್ಲಿ ಹೇಳಿದ ಹಾವು ಕಡಿತ ಮತ್ತು ಮಾದಕ ವಸ್ತುಗಳಂತಹ ಪ್ರಕರಣಗಳು ತಪ್ಪಾಗಿ ಎಣಿಕೆಯಾಗದಂತೆ ಇದು ಕಾಪಾಡುತ್ತದೆ.

7.2 ಪರೀಕ್ಷೆಗಳು: ಕಣ್ಣುಪಾಪೆಗೆ ಬೆಳಕು ಹಾಯಿಸುವುದು, ಕಣ್ಣಿನ ಪಾರದರ್ಶಕ ಪಟಲವನ್ನು ಸ್ಪರ್ಶಿಸುವುದು, ಕಿವಿಯೊಳಗೆ ತಣ್ಣೀರು ಹಾಯಿಸಿ ಕಣ್ಣಿನ ಚಲನೆ ನೋಡುವುದು, ಗಂಟಲು ಮತ್ತು ಶ್ವಾಸನಾಳವನ್ನು ಪ್ರಚೋದಿಸಿ ಓಕರಿಕೆ ಹಾಗೂ ಕೆಮ್ಮನ್ನು ಗಮನಿಸುವುದು ಮುಂತಾದ ಪರೀಕ್ಷೆಗಳನ್ನು ನಡೆಸಲಾಗುತ್ತದೆ. ಇವುಗಳಲ್ಲಿ ಯಾವುದೇ ಪ್ರತಿಕ್ರಿಯೆ ಇರಬಾರದು.

7.3 ಏಪ್ನಿಯಾ ಪರೀಕ್ಷೆ: ಇದು ಉಸಿರಾಟದ ಲಯವನ್ನೇ ನೇರವಾಗಿ ಪರೀಕ್ಷಿಸುವ ವಿಧಾನ. ಮೊದಲು ರೋಗಿಗೆ ಪೂರ್ಣ ಪ್ರಮಾಣದ ಆಮ್ಲಜನಕ ನೀಡಲಾಗುತ್ತದೆ. ನಂತರ ವೆಂಟಿಲೇಟರ್ ಸಂಪರ್ಕ ತಪ್ಪಿಸಿ, ಹಾನಿಯಾಗದಂತೆ ತೆಳು ನಳಿಕೆಯ ಮೂಲಕ ಆಮ್ಲಜನಕವನ್ನು ಮುಂದುವರಿಸಲಾಗುತ್ತದೆ. ಸಾಮಾನ್ಯವಾಗಿ 8ರಿಂದ 10 ನಿಮಿಷಗಳಲ್ಲಿ ಇಂಗಾಲದ ಡೈಆಕ್ಸೈಡ್‌ನ ಒತ್ತಡವು 60 ಮಿ.ಮೀ. ಪಾದರಸವನ್ನು ತಲುಪುತ್ತದೆ, ಇದನ್ನು ರಕ್ತಪರೀಕ್ಷೆಯಿಂದ ಖಚಿತಪಡಿಸಲಾಗುತ್ತದೆ. ಮೆಡುಲ್ಲಾಗೆ ಇದಕ್ಕಿಂತ ಪ್ರಬಲವಾದ ಸ್ವಾಭಾವಿಕ ಪ್ರಚೋದನೆ ಇಲ್ಲ. ಉಸಿರಾಡುವ ಒಂದೇ ಒಂದು ಪ್ರಯತ್ನ ಕಂಡುಬಂದರೂ ಮಿದುಳು ಕಾಂಡದ ಸಾವು ಎಂದು ಘೋಷಿಸಲಾಗುವುದಿಲ್ಲ. ವೆಂಟಿಲೇಟರ್ ಮರುಜೋಡಿಸಿ ಚಿಕಿತ್ಸೆ ಮುಂದುವರಿಸಲಾಗುತ್ತದೆ.

7.4 ಪುನರ್ ಪರೀಕ್ಷೆ: ಎಲ್ಲಾ ಪರೀಕ್ಷೆಗಳನ್ನು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ನಡೆಸಿ, 2014ರ ನಿಯಮಗಳ ನಮೂನೆ-10ರಲ್ಲಿ ದಾಖಲಿಸಿ, ಮಂಡಳಿಯ ವೈದ್ಯರು ಸಹಿ ಮಾಡತಕ್ಕದ್ದು.

8. ಕುಟುಂಬದವರ ಹಕ್ಕುಗಳು ಮತ್ತು ನಮೂನೆಗಳು

• ಪರೀಕ್ಷೆಗಳ ವಿವರವನ್ನು ತಿಳಿಯುವ ಭಾಷೆಯಲ್ಲಿ ವಿವರಿಸುವಂತೆ ವೈದ್ಯರನ್ನು ಕೋರಬಹುದು.
• ಅಂಗದಾನವು ಸಂಪೂರ್ಣವಾಗಿ ಸ್ವಇಚ್ಛೆಯದು. ನಿರಾಕರಿಸಿದಲ್ಲಿ ಯಾವುದೇ ಕ್ರಮವಿರುವುದಿಲ್ಲ.
• 18 ವರ್ಷ ತುಂಬಿದವರು ಬದುಕಿರುವಾಗಲೇ ಅಂಗದಾನದ ವಾಗ್ದಾನ ಮಾಡಲು ನಮೂನೆ-7 ಇದೆ.
• ಮಿದುಳು ಕಾಂಡದ ಸಾವು ದೃಢಪಟ್ಟ ನಂತರ ಪತಿ ಅಥವಾ ಪತ್ನಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು ಮುಂತಾದ ಹತ್ತಿರದ ಸಂಬಂಧಿಕರು ಒಪ್ಪಿಗೆ ನೀಡಲು ನಮೂನೆ-8 ಇದೆ. ಮೃತರು ಅಪ್ರಾಪ್ತ ವಯಸ್ಕರಾಗಿದ್ದಲ್ಲಿ ತಂದೆ ಅಥವಾ ತಾಯಿ ನಮೂನೆ-9ರಲ್ಲಿ ಒಪ್ಪಿಗೆ ನೀಡಬಹುದು.
• ಒಪ್ಪಿಗೆಯ ನಂತರ ಅಂಗಗಳ ಸಂರಕ್ಷಣೆ ಮತ್ತು ಹೊರತೆಗೆಯುವಿಕೆಯ ವೆಚ್ಚವನ್ನು ದಾನಿಯ ಕುಟುಂಬದಿಂದ ಪಡೆಯುವಂತಿಲ್ಲ.
• ಅಂಗಾಂಗಗಳ ಮಾರಾಟ ಮತ್ತು ಖರೀದಿ ಶಿಕ್ಷಾರ್ಹ ಅಪರಾಧ.

ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಾಂಗಗಳ ಹಂಚಿಕೆಯನ್ನು ಜೀವಸಾರ್ಥಕತೆ ಸಂಸ್ಥೆಯು ನಿರೀಕ್ಷಣಾ ಪಟ್ಟಿಯನ್ನು ಆಧರಿಸಿ ಸಮನ್ವಯಗೊಳಿಸುತ್ತದೆ. ವಾಗ್ದಾನ ಮಾಡಿದವರು ಆ ವಿಷಯವನ್ನು ತಮ್ಮ ಕುಟುಂಬದವರಿಗೆ ತಪ್ಪದೆ ತಿಳಿಸಿರುವುದು ಸೂಕ್ತ. ಒಪ್ಪಿಗೆ ಕೇಳುವ ಸಮಯದಲ್ಲಿ ಉತ್ತರ ನೀಡಬೇಕಾದವರು ಅವರೇ ಆಗಿರುತ್ತಾರೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೋಮಾ ಮತ್ತು ಮಿದುಳು ಕಾಂಡದ ಸಾವು ಒಂದೇ ಆಗಿವೆಯೇ?
ಉತ್ತರ: ಇಲ್ಲ. ಕೋಮಾದಲ್ಲಿರುವ ರೋಗಿಯು ಜೀವಂತವಾಗಿದ್ದು, ಮಿದುಳು ಕಾಂಡದ ಕೆಲವಾದರೂ ಕಾರ್ಯಗಳು ಉಳಿದಿರುತ್ತವೆ; ಚೇತರಿಕೆಯೂ ಸಾಧ್ಯವಿದೆ. ಮಿದುಳು ಕಾಂಡದ ಸಾವಿನ ನಂತರ ಚೇತರಿಕೆ ಇರುವುದಿಲ್ಲ.

ಪ್ರಶ್ನೆ: ದೃಢೀಕರಣದ ನಂತರವೂ ಕೈಕಾಲು ಅಲುಗಿದ್ದನ್ನು ಕಂಡರೆ?
ಉತ್ತರ: ಮಿದುಳು ಬಳ್ಳಿಯಿಂದಲೇ ಉಂಟಾಗುವ ಪ್ರತಿವರ್ತನೆಗಳು ಕೆಲವೊಮ್ಮೆ ಕಂಡುಬರುತ್ತವೆ. ಇವು ಮಿದುಳು ಕಾಂಡದ ಕಾರ್ಯವನ್ನು ಸೂಚಿಸುವುದಿಲ್ಲ. ಆದರೂ ಕಂಡದ್ದನ್ನು ವೈದ್ಯರ ಗಮನಕ್ಕೆ ತಂದು ವಿವರಣೆ ಪಡೆಯಬಹುದು.

ಪ್ರಶ್ನೆ: ಪೊಲೀಸ್ ಪ್ರಕರಣವಿದ್ದಲ್ಲಿ ಅಂಗದಾನ ಸಾಧ್ಯವೇ?
ಉತ್ತರ: ಅಪಘಾತದಂತಹ ಪ್ರಕರಣಗಳಲ್ಲಿ ಮರಣೋತ್ತರ ಪರೀಕ್ಷೆಗೆ ಧಕ್ಕೆಯಾಗದಂತೆ, ಸಂಬಂಧಿತ ಅಧಿಕಾರಿಗಳ ಅನುಮತಿ ಪಡೆದು ಅಂಗದಾನ ಮಾಡಲು ಅವಕಾಶವಿದೆ.

ಪ್ರಶ್ನೆ: ಅಂಗದಾನಕ್ಕೆ ಒಪ್ಪಿದ್ದರೆ ಚಿಕಿತ್ಸೆಯಲ್ಲಿ ಕೊರತೆಯಾಗುವುದೇ?
ಉತ್ತರ: ಇಲ್ಲ. ಚಿಕಿತ್ಸೆ ನೀಡುವ ತಂಡ ಮತ್ತು ಕಸಿ ತಂಡ ಬೇರೆ ಬೇರೆಯಾಗಿರುತ್ತವೆ. ಎರಡನೆಯ ಪರೀಕ್ಷೆಯೂ ಮುಗಿದು ಮಂಡಳಿಯು ಸಹಿ ಮಾಡುವವರೆಗೆ ರೋಗಿಯನ್ನು ಬದುಕಿರುವ ವ್ಯಕ್ತಿಯೆಂದೇ ಪರಿಗಣಿಸಲಾಗುತ್ತದೆ.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಯಾವುದೇ ರೋಗಿಯ ಸ್ಥಿತಿಯ ಬಗ್ಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಂದಲೇ ಮಾಹಿತಿ ಪಡೆಯಲು ಕೋರಲಾಗಿದೆ.